ನಾಲ್ಕು ವರ್ಷ ಬಳಸಿದ ಡಿಟಿಪಿ ಕಂಪ್ಯೂಟರ್, ಅದರಲ್ಲಿ ಎಂಟು ತಿಂಗಳು ಕಾಡಿದ ರೀಸ್ಟಾರ್ಟ್

ತುಮಕೂರಿನ ಬಿ.ಎಚ್. ರಸ್ತೆಗೆ ಸೇರುವ ಅಡ್ಡರಸ್ತೆಯೊಂದರಲ್ಲಿ ನಮ್ಮ ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಕರಪತ್ರ, ಬಿಲ್ ಪುಸ್ತಕ, ಶಾಲೆಗಳ ಪ್ರಶ್ನೆಪತ್ರಿಕೆ ನಮ್ಮ ಕಸುಬು. 2022ರ ಜನವರಿಯಲ್ಲಿ ಅಸೆಂಬಲ್ ಮಾಡಿಸಿದ ಒಂದೇ ಕಂಪ್ಯೂಟರಿನ ಮೇಲೆ ಅಂಗಡಿ ನಿಂತಿದೆ. ರೈಜೆನ್ 5 5600ಜಿ ಪ್ರೊಸೆಸರ್, 8 ಜಿಬಿ ರ‍್ಯಾಮ್, 500 ಜಿಬಿ ಎಸ್‌ಎಸ್‌ಡಿ, ಒಳಭಾಗಗಳಿಗೆ ಕರೆಂಟ್ ಒದಗಿಸುವ 450 ವ್ಯಾಟ್‌ನ ಎಸ್‌ಎಂಪಿಎಸ್, ಜೊತೆಗೆ ಕರೆಂಟ್ ಹೋದಾಗ ಬ್ಯಾಟರಿಯಿಂದ ನಡೆಸುವ 600 ವಿಎ ಯುಪಿಎಸ್. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಒಂದು ಅಂಕ ಏಕೆ ಹೋಯಿತು ಎಂಬುದನ್ನೇ ವಿವರವಾಗಿ ಬರೆಯಬೇಕೆನಿಸಿದೆ; ಇದೇ ಕಷ್ಟದಲ್ಲಿರುವವರಿಗೆ ಉಪಯೋಗವಾದೀತು.

ಮೊದಲ ಒಂದೂವರೆ ವರ್ಷ ಯಾವ ತಕರಾರೂ ಇರಲಿಲ್ಲ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ, ಕೋರೆಲ್‌ಡ್ರಾದಲ್ಲಿ ಪುಟ ಕಟ್ಟುವ ಕೆಲಸಕ್ಕೆ ಈ ಪ್ರೊಸೆಸರ್ ಧಾರಾಳವಾಗಿ ಸಾಕು. ಆದರೆ ಇದಕ್ಕೆ ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ, ಚಿತ್ರಗಳ ಕೆಲಸಕ್ಕೂ ಮುಖ್ಯ ಮೆಮೊರಿಯನ್ನೇ, ಅಂದರೆ ರ‍್ಯಾಮ್ ಅನ್ನೇ, ಹಂಚಿಕೊಳ್ಳುತ್ತದೆ. ದೊಡ್ಡ ಬ್ಯಾನರ್ ಕಡತ ತೆರೆದರೆ 8 ಜಿಬಿ ಸಾಲುತ್ತಿರಲಿಲ್ಲ. 2023ರ ಜೂನ್‌ನಲ್ಲಿ ಇನ್ನೊಂದು 8 ಜಿಬಿ ರ‍್ಯಾಮ್ ಹಾಕಿಸಿದೆ. ಅದೇ ತಿಂಗಳು ಹೊಸ ಲೇಸರ್ ಪ್ರಿಂಟರ್ ಬಂತು. ಮೇಜಿನ ಕೆಳಗೆ ಖಾಲಿ ಇದ್ದದ್ದು ಯುಪಿಎಸ್‌ನ ಹಿಂಬದಿಯ ಸಾಕೆಟ್ ಒಂದೇ, ಅದಕ್ಕೇ ಸಿಕ್ಕಿಸಿದೆವು.

ಜುಲೈ ಮೊದಲ ವಾರದಿಂದ ಕಂಪ್ಯೂಟರ್ ಇದ್ದಕ್ಕಿದ್ದಂತೆ ರೀಸ್ಟಾರ್ಟ್ ಆಗತೊಡಗಿತು. ಒಮ್ಮೆ ದಿನಕ್ಕೆ ಎರಡು ಸಲ, ಆಮೇಲೆ ಹತ್ತು ದಿನ ಏನೂ ಇಲ್ಲ. ದಿನವೂ ಕೆಡುವ ಯಂತ್ರವನ್ನು ರಿಪೇರಿಗೆ ಕೊಡಬಹುದು. ಮೆಕ್ಯಾನಿಕ್ ಎದುರು ಮೂರು ಗಂಟೆ ಸರಿಯಾಗಿ ನಡೆದು, ಅವರು ಗಾಡಿ ಹತ್ತಿದ ಮೇಲೆ ಕೆಡುವ ಯಂತ್ರವನ್ನು ಯಾರಿಗೆ ತೋರಿಸುವುದು? ಗುಬ್ಬಿಯಿಂದ ಬಂದ ಮದುವೆ ಮನೆಯವರು ಪಕ್ಕದಲ್ಲೇ ಕುಳಿತು ಬಂಧುಗಳ ಹೆಸರುಗಳನ್ನು ಒಂದೊಂದಾಗಿ ಹೇಳಿ ಬರೆಸುತ್ತಿದ್ದಾಗ, ನಲವತ್ತನೆಯ ಹೆಸರಿಗೆ ಪರದೆ ಕಪ್ಪಾದ ದಿನ ನನಗೆ ಕಣ್ಣೀರೇ ಬಂದಿತ್ತು.

ಮೂರು ಸಲ ಫಾರ್ಮ್ಯಾಟ್ ಆಯಿತು. ಪ್ರತಿ ಸಲವೂ ಫಾಂಟುಗಳು, ಪ್ರಿಂಟರ್ ಸೆಟ್ಟಿಂಗ್, ಕೀಲಿಮಣೆ ವಿನ್ಯಾಸ ಎಲ್ಲವನ್ನೂ ಮೊದಲಿನಿಂದ ಕೂರಿಸಬೇಕು. ಎಸ್‌ಎಂಪಿಎಸ್ ಬದಲಾಯಿತು, ಪ್ರೊಸೆಸರ್‌ಗೆ ಶಾಖ ಸಾಗಿಸುವ ಹೊಸ ಪೇಸ್ಟ್ ಬಂತು. ಕಾಟ ಮಾತ್ರ ನಿಲ್ಲಲಿಲ್ಲ. ರಿಪೇರಿಯವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಫಾರ್ಮ್ಯಾಟ್ ಮಾಡಿದಾಗಲೆಲ್ಲ ಹಿಂದಿನ ದಾಖಲೆಯೆಲ್ಲ ಅಳಿಸಿಹೋಗುತ್ತಿತ್ತು. ಯಂತ್ರ ತನ್ನ ಕಾಯಿಲೆಯನ್ನು ಬರೆದಿಡುವ ಜಾಗವನ್ನೇ ನಾವು ಒರೆಸಿ ಹಾಕುತ್ತಿದ್ದೆವು ಎಂದು ಆಗ ನನಗೂ ಗೊತ್ತಿರಲಿಲ್ಲ.

ನವೆಂಬರ್‌ನಿಂದ ಹಾಲಿನ ಲೆಕ್ಕ ಬರೆಯುವ ಗೋಡೆ ಕ್ಯಾಲೆಂಡರಿನಲ್ಲೇ ಇದನ್ನೂ ಗುರುತು ಹಾಕತೊಡಗಿದೆ. ನಿಂತಾಗಲೆಲ್ಲ ಕೆಂಪು ಸುತ್ತು, ಪಕ್ಕದಲ್ಲಿ ಗಂಟೆ, ಆಗ ನಡೆಯುತ್ತಿದ್ದ ಕೆಲಸ. ನಮ್ಮಲ್ಲಿ ಟೈಪಿಂಗ್ ಮಾಡುವ ಹುಡುಗಿ ಒಂದು ದಿನ, “ಅಕ್ಕಾ, ಈ ಸಲ ಪ್ರಿಂಟರೂ ನಿಂತಿದೆ ನೋಡಿ” ಎಂದಳು. ಹಾಳೆ ಅರ್ಧ ಹೊರಗೆ, ಅರ್ಧ ಒಳಗೆ; ಹೊರಗಿದ್ದ ಅರ್ಧದ ಅಕ್ಷರಗಳು ಬೆರಳು ತಾಗಿದರೆ ಮೆತ್ತಿಕೊಳ್ಳುವಂತಿದ್ದವು. ಹಿಂದಿನ ವಾರ ಹೀಗಾಗಿರಲಿಲ್ಲ. ಕಂಪ್ಯೂಟರ್ ನಿಂತರೂ ಪ್ರಿಂಟರ್ ತನ್ನ ಪಾಡಿಗೆ ಹಾಳೆಯನ್ನು ಪೂರ್ತಿ ಹೊರಹಾಕಿತ್ತು. ಅಂದರೆ ಕಾಯಿಲೆ ಒಂದಲ್ಲ, ಎರಡು!

ಅಲ್ಲಿಂದ ದಾರಿ ಸುಲಭವಾಯಿತು. ವಿಂಡೋಸ್‌ನಲ್ಲಿ ಯಂತ್ರದಲ್ಲಿ ನಡೆದದ್ದರ ದಾಖಲೆ ತೋರಿಸುವ ಇವೆಂಟ್ ವ್ಯೂವರ್ ಇದೆ. ಅದರ ಸಿಸ್ಟಂ ವಿಭಾಗದಲ್ಲಿ ಪ್ರತಿ ಸಲವೂ ಕರ್ನಲ್-ಪವರ್ 41 ಎಂಬ ದಾಖಲೆ ಇತ್ತು. ಯಂತ್ರ ಸರಿಯಾಗಿ ಮುಚ್ಚದೆ ಮತ್ತೆ ಶುರುವಾಗಿದೆ ಎಂದಷ್ಟೇ ಇದರರ್ಥ. ಇದನ್ನು ಕಂಡವರೆಲ್ಲ ಎಸ್‌ಎಂಪಿಎಸ್ ಬದಲಿಸಲು ಓಡುತ್ತಾರೆ, ನಾವೂ ಓಡಿದ್ದೆವು. ನೋಡಬೇಕಾದದ್ದು ಅದರ ವಿವರಗಳಲ್ಲಿರುವ ಬಗ್‌ಚೆಕ್‌ಕೋಡ್ ಎಂಬ ಸಾಲನ್ನು. ಪ್ರಿಂಟರೂ ನಿಂತ ದಿನಗಳಲ್ಲಿ ಅಲ್ಲಿ ಸೊನ್ನೆ ಇತ್ತು, ಎಂದರೆ ವಿಂಡೋಸ್‌ಗೆ ತಪ್ಪು ಬರೆದುಕೊಳ್ಳಲೂ ಪುರಸೊತ್ತು ಸಿಕ್ಕಿಲ್ಲ. ಉಳಿದ ದಿನಗಳಲ್ಲಿ ಬೇರೆ ಬೇರೆ ಸಂಖ್ಯೆಗಳಿದ್ದವು, ವಿಂಡೋಸ್ ಫೋಲ್ಡರಿನ ಮಿನಿಡಂಪ್‌ನಲ್ಲಿ ಕುಸಿದ ಕ್ಷಣದ ವಿವರವಿರುವ ಕಡತವೂ ಉಳಿದಿತ್ತು. ನಿಜಕ್ಕೂ, ವಿಂಡೋಸ್ ಕುಸಿದಾಗ ತಪ್ಪಿನ ಹೆಸರು ತೋರಿಸುವ ನೀಲಿ ಪರದೆ ಬರುತ್ತಿತ್ತು. ತಾನಾಗಿ ರೀಸ್ಟಾರ್ಟ್ ಆಗುವ ಆಯ್ಕೆ ಚಾಲೂ ಇದ್ದುದರಿಂದ ಅದು ಕಣ್ಣಿಗೆ ಬೀಳುವ ಮೊದಲೇ ಮಾಯವಾಗುತ್ತಿತ್ತು. ಸ್ಟಾರ್ಟಪ್ ಅಂಡ್ ರಿಕವರಿ ಸೆಟ್ಟಿಂಗ್‌ನಲ್ಲಿ ಆ ಟಿಕ್ ತೆಗೆದ ಮೇಲೆ ನೀಲಿ ಪರದೆ ನಿಂತು ಮುಖ ತೋರಿಸಿತು: ಮೆಮೊರಿ ಮ್ಯಾನೇಜ್‌ಮೆಂಟ್.

ಮೆಮ್‌ಟೆಸ್ಟ್86 ಎಂಬ ರ‍್ಯಾಮ್ ಪರೀಕ್ಷಿಸುವ ತಂತ್ರಾಂಶವನ್ನು ಪೆನ್‌ಡ್ರೈವ್‌ಗೆ ಹಾಕಿ, ಅಂಗಡಿ ಮುಚ್ಚುವಾಗ ಶುರುಮಾಡಿ ಮನೆಗೆ ಹೋದೆ. ಬೆಳಿಗ್ಗೆ ಷಟರ್ ಎತ್ತಿದರೆ ಪರದೆಯ ತುಂಬ ಕೆಂಪು ಸಾಲುಗಳು. ಎರಡೂ ರ‍್ಯಾಮ್‌ಗಳನ್ನು ಬೇರೆ ಬೇರೆಯಾಗಿ, ಸ್ಲಾಟ್ ಬದಲಿಸಿ ಪರೀಕ್ಷಿಸಿದೆ. ಯಾವ ಸ್ಲಾಟಿಗೆ ಹಾಕಿದರೂ ತಪ್ಪು ತೋರಿಸಿದ್ದು ಜೂನ್‌ನಲ್ಲಿ ತಂದ ಹೊಸ ರ‍್ಯಾಮ್ ಮಾತ್ರ. ಹಳೆಯದು ಶುದ್ಧವಾಗಿತ್ತು, ಮದರ್‌ಬೋರ್ಡ್ ಮೇಲಿನ ಅನುಮಾನವೂ ಹೋಯಿತು. ಕೆಟ್ಟಿದ್ದ ಭಾಗ ಬಳಕೆಗೆ ಬಂದಾಗ ಮಾತ್ರ ತೊಂದರೆ ಎದ್ದು ಕಾಣುತ್ತಿದ್ದುದರಿಂದ, ಭಾರದ ಬ್ಯಾನರ್ ಕೆಲಸವಿದ್ದ ದಿನಗಳಲ್ಲೇ ಹೆಚ್ಚು ಕಾಡುತ್ತಿತ್ತು. ವಾರಂಟಿಯಲ್ಲಿ ಬದಲಿಸಿ ಕೊಟ್ಟರು, ಮೂರು ವಾರ ಹಿಡಿಯಿತು.

ಇನ್ನೊಂದು ಕಾಯಿಲೆಯ ಗುಟ್ಟು ಕ್ಯಾಲೆಂಡರಿನಲ್ಲೇ ಇತ್ತು. ಪ್ರಿಂಟರೂ ನಿಂತಿದ್ದ ಸುತ್ತು ಒಂದೂ ಮಂಗಳವಾರದ ಮನೆಯಲ್ಲಿರಲಿಲ್ಲ. ನಮ್ಮ ಪಕ್ಕದ ರಾಗಿ ಗಿರಣಿಗೆ ಮಂಗಳವಾರ ರಜೆ. ಗಿರಣಿಯ ಮೋಟಾರ್ ಶುರುವಾಗುವ ಕ್ಷಣದಲ್ಲಿ ಮಾಮೂಲಿಗಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಎಲೆಕ್ಟ್ರಿಷಿಯನ್ ನಮ್ಮ ಸಾಕೆಟ್ಟಿಗೆ ಮೀಟರ್ ಹಿಡಿದು ನಿಂತಾಗ 225 ಇದ್ದ ವೋಲ್ಟೇಜ್ 160ಕ್ಕೆ ಇಳಿದು ಮತ್ತೆ ಏರಿತು. ದೀಪ ಒಮ್ಮೆ ಮಂಕಾಯಿತು, ಅಷ್ಟೇ. ಆ ಹೊತ್ತಿಗೆ ಯುಪಿಎಸ್ ಬ್ಯಾಟರಿಗೆ ಹೊರಳುತ್ತದೆ. ಆಗಲೇ ಲೇಸರ್ ಪ್ರಿಂಟರ್ ಹಾಳೆಯ ಮೇಲಿನ ಪುಡಿಯನ್ನು ಕರಗಿಸಿ ಅಂಟಿಸಲು ಹೀಟರ್ ಕಾಯಿಸುತ್ತಿದ್ದರೆ, ಆ ಹೊರೆಯನ್ನು 600 ವಿಎ ಯುಪಿಎಸ್ ತಾಳುವುದಿಲ್ಲ. ಗಿರಣಿ ಮತ್ತು ಹೀಟರ್ ಒಂದೇ ಗಳಿಗೆಯಲ್ಲಿ ಕೂಡಬೇಕು. ಹತ್ತು ದಿನ ಸುಮ್ಮನಿದ್ದು ಮತ್ತೆ ಬರುತ್ತಿದ್ದುದು ಅದಕ್ಕೇ. ಗಿರಣಿಯವರನ್ನು ಕೇಳಿಕೊಂಡು, ಅವರು ಸ್ವಿಚ್ ಹಾಕುವಾಗ ನಾನು ಇಲ್ಲಿ ಪ್ರಿಂಟ್ ಕೊಟ್ಟೆ. ಮೂರನೆಯ ಸಲಕ್ಕೆ ಕಂಪ್ಯೂಟರ್, ಪ್ರಿಂಟರ್ ಎರಡೂ ಕಣ್ಣೆದುರೇ ಆರಿದವು. ಅಷ್ಟು ತಿಂಗಳ ಮೇಲೆ ಅದು ಬೇಕೆಂದಾಗ ಕೆಟ್ಟಿದ್ದು ಕಂಡು ನನಗಾದ ಸಮಾಧಾನ ಅಷ್ಟಿಷ್ಟಲ್ಲ.

ಪ್ರಿಂಟರ್‌ಗೆ ಎದುರು ಗೋಡೆಯಲ್ಲಿ ಬೇರೆ ಸಾಕೆಟ್ ಹಾಕಿಸಿದೆ. 2024ರ ಫೆಬ್ರವರಿ ಕೊನೆಗೆ ಬದಲಿ ರ‍್ಯಾಮ್ ಬಂತು. ಅಂದಿನಿಂದ ಒಂದು ಸಲವೂ ತಾನಾಗಿ ನಿಂತಿಲ್ಲ.

ಹೊಸದಾಗಿ ಮಾಡಿಸುವವರು ಮೊದಲೇ 8 ಜಿಬಿಯ ಎರಡು ರ‍್ಯಾಮ್‌ಗಳನ್ನು ಜೋಡಿಯಾಗಿಯೇ ಕೊಳ್ಳಿ, ಈ ಪ್ರೊಸೆಸರ್‌ಗೆ ಜೋಡಿ ಇದ್ದರೆ ಚಿತ್ರಗಳ ಕೆಲಸವೂ ಚುರುಕಾಗುತ್ತದೆ. ಹೊಸದು ಹಾಕಿದ ದಿನವೇ ಒಂದು ರಾತ್ರಿ ಮೆಮೊರಿ ಪರೀಕ್ಷೆ ಮಾಡಿ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ಮುಗಿದಾಗ 11ಕ್ಕೆ ಬಂದೆವು, ಯಂತ್ರ ತಕರಾರಿಲ್ಲದೆ ಒಪ್ಪಿಕೊಂಡಿತು. ಯುಪಿಎಸ್ ಬ್ಯಾಟರಿಯನ್ನು ಒಮ್ಮೆ ಬದಲಿಸಿದ್ದೇನೆ. ಗಿರಣಿಯ ಹಿಟ್ಟಿನ ಧೂಳು ಕ್ಯಾಬಿನೆಟ್ ಫ್ಯಾನಿಗೆ ಬೆಳ್ಳಗೆ ಮೆತ್ತಿಕೊಳ್ಳುತ್ತದೆ. ಪ್ರತಿ ಅಮಾವಾಸ್ಯೆಗೆ ಅಂಗಡಿ ಪೂಜೆಗೆ ಮುಂಚೆ ಅದನ್ನು ಬಿಚ್ಚಿ ಬ್ರಷ್‌ನಿಂದ ಒರೆಸುತ್ತೇವೆ.