ಭಿಕ್ಷುಗಳ ಸಾಮಾನು ಕೊಳ್ಳುವುದಿದ್ದರೆ ಬಮ್ರುಂಗ್ ಮುವಾಂಗ್ ರಸ್ತೆಗೇ ಹೋಗಿ

ಬ್ಯಾಂಕಾಕ್‌ನಲ್ಲಿ ಸಂಸಾರ ಹೂಡಿದ ಕನ್ನಡದವರು ಒಂದಲ್ಲ ಒಂದು ದಿನ ಯಾರದಾದರೂ ಸಂಘದಾನಕ್ಕೆ, ಅಂದರೆ ಬೌದ್ಧ ಭಿಕ್ಷುಗಳಿಗೆ ದಾನ ಕೊಡುವ ಕಾರ್ಯಕ್ಕೆ, ಹೋಗಲೇಬೇಕಾಗುತ್ತದೆ. ಆಫೀಸಿನವರೊಬ್ಬರ ತಂದೆ ತೀರಿಕೊಂಡಿರುತ್ತಾರೆ, ಮನೆ ಓನರಮ್ಮನ ಹುಟ್ಟುಹಬ್ಬ ಇರುತ್ತದೆ, ಇಲ್ಲವೇ ಮಳೆಗಾಲದಲ್ಲಿ ಭಿಕ್ಷುಗಳು ಒಂದೇ ಕಡೆ ನೆಲೆಸುವ ವರ್ಷಾವಾಸ ಶುರುವಾಗಿರುತ್ತದೆ. ಎಲ್ಲದಕ್ಕೂ ವಾಟ್‌ಗೆ (ಬೌದ್ಧ ವಿಹಾರಕ್ಕೆ) ಹೋಗಿ ಭಿಕ್ಷುಗಳ ಮುಂದೆ ಮಂಡಿಯೂರಿ ಸಾಮಾನು ತುಂಬಿದ ಹಳದಿ ಬಕೆಟ್ಟೊಂದನ್ನು ಒಪ್ಪಿಸುವುದು ಇಲ್ಲಿನ ರೂಢಿ. ಆ ಬಕೆಟ್ ಎಲ್ಲಿ ಸಿಗುತ್ತದೆ ಅಂತ ಹೊಸಬರು ನನ್ನನ್ನು ಕೇಳುತ್ತಲೇ ಇರುತ್ತಾರೆ. ಎಲ್ಲಿ ಬೇಕಾದರೂ ಸಿಗುತ್ತದೆ. ಒಳ್ಳೆಯದು ಸಿಗುವುದು ಕೆಲವೇ ಕಡೆ.

ನಮ್ಮ ಏರಿಯಾದ ದೊಡ್ಡ ಮಳಿಗೆಯೊಂದರಿಂದ ತಂದ ಸಿದ್ಧ ಬಕೆಟ್ಟನ್ನು ಒಮ್ಮೆ ಮನೆಯಲ್ಲೇ ಬಿಚ್ಚಿ ನೋಡಿದೆವು. ಮೇಲೆ ಹಳದಿ ಜಿಲೇಟಿನ್ ಕಾಗದ, ಅದರಡಿ ಟೂತ್‌ಪೇಸ್ಟ್, ಸೋಪು, ಟೀ ಪುಡಿ, ನೂಡಲ್ಸ್ ಎಲ್ಲ ಚಂದವಾಗಿ ನಿಂತಿದ್ದವು. ಅವನ್ನು ತೆಗೆದರೆ ಕೆಳಗೆ ಅರ್ಧ ಬಕೆಟ್ ಬರೀ ರಟ್ಟು. ಸ್ನಾನದ ವಸ್ತ್ರ ಅಂತ ಇಟ್ಟಿದ್ದ ಕಾವಿ ತುಂಡು ಕರವಸ್ತ್ರಕ್ಕಿಂತ ಸ್ವಲ್ಪ ದೊಡ್ಡದು. ಬೆಳಕಿಗೆ ಹಿಡಿದರೆ ಆಚೆಗಿದ್ದವರ ಮುಖ ಕಾಣುತ್ತಿತ್ತು. ಕೊಡುವವರು ಬಿಚ್ಚಿ ನೋಡುವುದಿಲ್ಲ, ತೆಗೆದುಕೊಳ್ಳುವವರು ದೂರುವುದಿಲ್ಲ ಅನ್ನುವ ಧೈರ್ಯದಲ್ಲಿ ತುಂಬಿಸಿದ ಬಕೆಟ್ ಅದು. ನನಗೆ ನಿಜವಾಗಿ ಸಂಕಟವಾಯಿತು.

ಹಾಗಾಗಿ ಪಕ್ಕದ ಮನೆಯ ಅಕ್ಕ ತನ್ನ ತಾಯಿಯ ನೂರನೇ ದಿನದ ಪುಣ್ಯಕಾರ್ಯಕ್ಕೆ ಸಾಮಾನು ತರಬೇಕು ಅಂದಾಗ ನಾವಿಬ್ಬರೂ ಬಮ್ರುಂಗ್ ಮುವಾಂಗ್ ರಸ್ತೆಗೆ ಹೋದೆವು. (ಇಲ್ಲಿ ಸತ್ತವರಿಗೆ 7, 50 ಮತ್ತು 100ನೇ ದಿನ ಮುಖ್ಯ.) 1860ರ ದಶಕದಲ್ಲಿ, ಥಾಯ್ ದೊರೆ ನಾಲ್ಕನೇ ರಾಮನ ಕಾಲದಲ್ಲಿ ಹಾಕಿಸಿದ ಹಳೇ ರಸ್ತೆ ಅದು. ವಾಟ್ ಸುಥಾತ್ ಮತ್ತು ಅದರೆದುರಿನ ಕೆಂಪು ಮಹಾ ಉಯ್ಯಾಲೆಯ ಅಕ್ಕಪಕ್ಕ ಸಾಲು ಸಾಲಾಗಿ ಇವೇ ಅಂಗಡಿಗಳು. ಪ್ಲಾಸ್ಟಿಕ್ ಸುತ್ತಿದ ಆಳೆತ್ತರದ ಬುದ್ಧರು ಫುಟ್‌ಪಾತ್ ಮೇಲೆ ಗಿರಾಕಿಗಾಗಿ ಕಾದು ಕೂತಿರುತ್ತಾರೆ. ಒಂದು ಮೂರ್ತಿಯನ್ನು ಪಿಕಪ್ ಗಾಡಿಗೆ ಏರಿಸುತ್ತಿದ್ದ ಹುಡುಗರು ಮೊದಲು ಕೈ ಮುಗಿದು, ಆಮೇಲೆ ಹಗ್ಗ ಬಿಗಿದರು.

ನಾನು ಹೇಳಹೊರಟ ಅಂಗಡಿ ಮರದ ಮಡಚು ಬಾಗಿಲಿನದು, ಬೋರ್ಡು ಥಾಯ್ ಲಿಪಿಯಲ್ಲಿ ಮಾತ್ರ. ನಡೆಸುವವರು ಅರವತ್ತು ದಾಟಿದ ಹೆಂಗಸು. ಎಲ್ಲರೂ 'ಪಾ' ಅನ್ನುತ್ತಾರೆ, ನಾವು ದೊಡ್ಡಮ್ಮ ಅಂದ ಹಾಗೆ. ಆಕೆಗೆ ನಾನು ಪೂರ್ತಿ ಅಂಕ ಕೊಡುವುದು ಆಕೆ ಕೇಳಿದ ಪ್ರಶ್ನೆಗಳಿಗಾಗಿ. ಬಜೆಟ್ ಎಷ್ಟು ಅಂತ ಕೇಳಲೇ ಇಲ್ಲ. ಯಾವ ವಾಟ್? ಅಲ್ಲಿ ಚೀವರ (ಭಿಕ್ಷುಗಳು ಹೊದೆಯುವ ವಸ್ತ್ರ) ಯಾವ ಬಣ್ಣದ್ದು? ಭಿಕ್ಷುಗಳು ಎಷ್ಟು ಎತ್ತರ? ಓದುವ ವಯಸ್ಸಿನ ಸಾಮಣೇರರು (ಇನ್ನೂ ಪೂರ್ಣ ಭಿಕ್ಷುಗಳಾಗದ ಹುಡುಗರು) ಇದ್ದಾರೆಯೇ? ಬೆಳಿಗ್ಗೆ ಕೊಡುತ್ತೀರೋ ಮಧ್ಯಾಹ್ನವೋ?

ಒಂದೊಂದಕ್ಕೂ ಕಾರಣವಿದೆ. ಚೀವರದ ಬಣ್ಣ ವಾಟ್‌ನಿಂದ ವಾಟ್‌ಗೆ ಬೇರೆ. ಪೇಟೆಯ ಬಹಳಷ್ಟು ವಾಟ್‌ಗಳಲ್ಲಿ ಉಜ್ವಲ ಕಿತ್ತಳೆ, ಅರಣ್ಯವಾಸಿ ಪರಂಪರೆಯಲ್ಲಿ ಹಲಸಿನ ಮರದ ತಿರುಳಿನ ಕಂದು. ತಪ್ಪು ಬಣ್ಣದ್ದು ಕೊಟ್ಟರೆ ಅದು ಬೀರುವಿನಲ್ಲೇ ಉಳಿಯುತ್ತದೆ. ಎತ್ತರಕ್ಕೆ ತಕ್ಕಂತೆ ಅಳತೆಯೂ ಬೇರೆ. ಇನ್ನು ಹೊತ್ತು: ಭಿಕ್ಷುಗಳು ಮಧ್ಯಾಹ್ನ ಹನ್ನೆರಡರ ಮೇಲೆ ಉಣ್ಣುವಂತಿಲ್ಲ, ಆಮೇಲೆ ಆಹಾರವನ್ನು ಅವರ ಕೈಗೆ ನೇರವಾಗಿ ಒಪ್ಪಿಸುವುದೂ ಸಲ್ಲ. ಮಧ್ಯಾಹ್ನ ಅಂದಿದ್ದರೆ ಪಾ ನೂಡಲ್ಸನ್ನೂ ಡಬ್ಬಿಯ ಮೀನನ್ನೂ ಬೇರೆ ಕಟ್ಟಿ ವಾಟ್‌ನ ಕೆಲಸದವರ ಕೈಗೆ ಕೊಡಿ ಅನ್ನುತ್ತಿದ್ದರಂತೆ. ನಮ್ಮದು ಬೆಳಗಿನ ಹೊತ್ತು.

ಚೀವರವನ್ನು ಆಕೆ ಗಾಜಿನ ಮೇಜಿನ ಮೇಲೆ ಹರಡಿ ತೋರಿಸಿದ ರೀತಿ ನೋಡಬೇಕಿತ್ತು. ಅದು ಒಂದೇ ಬಟ್ಟೆಯಲ್ಲ; ಉದ್ದ ತುಂಡು, ಗಿಡ್ಡ ತುಂಡು, ನಡುವೆ ಪಟ್ಟಿ ಕೊಟ್ಟು ಹೊಲಿದದ್ದು. ಮಗಧದ ಬತ್ತದ ಗದ್ದೆಗಳನ್ನೂ ಬದುಗಳನ್ನೂ ತೋರಿಸಿ, ಇದೇ ಮಾದರಿಯಲ್ಲಿ ಹೊಲಿಯಲಾದೀತೇ ಅಂತ ಬುದ್ಧ ತನ್ನ ಶಿಷ್ಯ ಆನಂದನನ್ನು ಕೇಳಿದ ಎಂದು ಭಿಕ್ಷುಗಳ ನಿಯಮಗಳ ಗ್ರಂಥವಾದ ವಿನಯಪಿಟಕ ಹೇಳುತ್ತದೆ. ನಾನು ತೀರ್ಥಹಳ್ಳಿ ಕಡೆಯವಳು. ಆ ಹೊಲಿಗೆಯ ಮೇಲೆ ಬೆರಳಾಡಿಸಿದಾಗ ಗದ್ದೆ, ಅಂಚು, ಮತ್ತೆ ಗದ್ದೆ ಸ್ಪಷ್ಟವಾಗಿ ಸಿಕ್ಕಿತು. ಅಗ್ಗದ ಚೀವರಗಳಲ್ಲಿ ಈ ಪಟ್ಟಿಯ ಹೊಲಿಗೆ ನೂಲು ಬಿಟ್ಟಿರುತ್ತದೆ. ಅದನ್ನೇ ಮೊದಲು ನೋಡಿ ಅಂತ ಪಾ ಕಲಿಸಿಕೊಟ್ಟರು.

ಬಕೆಟ್ಟಿಗೆ ಬದಲು ಆಕೆ ಬಿಡಿ ಸಾಮಾನು ಆರಿಸಿಕೊಟ್ಟರು. ಗಟ್ಟಿ ಸ್ನಾನದ ವಸ್ತ್ರ, ಕಂದು ಚಪ್ಪಲಿ, ಕೊಡೆ, ನೋಟ್‌ಬುಕ್ಕು ಪೆನ್ನು, ಮುಲಾಮು, ತಲೆನೋವಿನ ಮಾತ್ರೆ, ಎಲ್‌ಇಡಿ ಬಲ್ಬು. ವರ್ಷಾವಾಸಕ್ಕೆ ದೊಡ್ಡ ಮೇಣದಬತ್ತಿ ಕೊಡುತ್ತಿದ್ದ ಕಡೆ ಈಗ ಬಲ್ಬನ್ನೂ ಕೊಡುತ್ತಾರೆ. ಓದಲು ಬೆಳಕು ಬೇಕು, ಅಷ್ಟೇ. ಒಳ್ಳೆಯ ಬ್ಲೇಡುಗಳನ್ನೂ ಸೇರಿಸಿದರು. ಥಾಯ್ ಭಿಕ್ಷುಗಳು ಹುಣ್ಣಿಮೆಯ ಹಿಂದಿನ ದಿನ ತಲೆ ಬೋಳಿಸಿಕೊಳ್ಳುತ್ತಾರೆ, ಹುಬ್ಬನ್ನೂ. ಮೊಂಡು ಬ್ಲೇಡಿನಲ್ಲಿ ಹುಬ್ಬು ತೆಗೆಯುವ ಕಷ್ಟ ಊಹಿಸಿಕೊಳ್ಳಿ. ಚೀವರ ಬಿಟ್ಟು ಉಳಿದದ್ದಕ್ಕೆ 1,200 ಬಾತ್ ಆಯಿತು. ಸಿದ್ಧ ಬಕೆಟ್ 300ಕ್ಕೂ ಸಿಗುತ್ತದೆ, ನಿಜ. ಆದರೆ ಇಲ್ಲಿ ಕೊಟ್ಟ ಪ್ರತಿಯೊಂದೂ ಬಳಕೆಗೆ ಬರುತ್ತದೆ.

ವಾಟ್‌ನಲ್ಲಿ ಹಿರಿಯ ಭಿಕ್ಷು ತಮ್ಮ ಮುಂದೆ ಒಂದು ವಸ್ತ್ರ ಹಾಸಿದರು. ಹೆಂಗಸರ ಕೈಯಿಂದ ನೇರವಾಗಿ ತೆಗೆದುಕೊಳ್ಳುವಂತಿಲ್ಲವಾದ್ದರಿಂದ ಅದರ ಮೇಲಿಡಬೇಕು. ಅವರು ಪಾಲಿ ಪಠಿಸುವಾಗ ಅಕ್ಕ ಪುಟ್ಟ ಹಿತ್ತಾಳೆ ಪಾತ್ರೆಯಿಂದ ಬಟ್ಟಲಿಗೆ ನೀರು ಬಿಟ್ಟಳು, ಪುಣ್ಯ ಅಮ್ಮನಿಗೆ ಸೇರಲಿ ಅಂತ. ಎಳ್ಳುನೀರು ಬಿಡುವುದನ್ನು ನೋಡಿ ಬೆಳೆದ ನನಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಆ ನೀರನ್ನು ಆಮೇಲೆ ಮರದ ಬುಡಕ್ಕೆ ಸುರಿದೆವು.

ಅಂಗಡಿಯ ಕೊರತೆಗಳನ್ನೂ ಹೇಳಬೇಕು. ಕಾರ್ಡ್ ನಡೆಯುವುದಿಲ್ಲ, ನಗದು ಅಥವಾ ಇಲ್ಲಿನ ಬ್ಯಾಂಕಿನ ಕ್ಯೂಆರ್. ಇಂಗ್ಲಿಷ್ ಇಲ್ಲವೇ ಇಲ್ಲ, ಥಾಯ್ ಬಲ್ಲವರನ್ನು ಕರೆದುಕೊಂಡು ಹೋಗಿ. ಒಳಗೆ ಫ್ಯಾನ್ ಮಾತ್ರ, ಏಪ್ರಿಲ್‌ನಲ್ಲಿ ಬೆವರಿಳಿಯುತ್ತದೆ. ಬೇಡ ಅಂದರೂ ಜಿಲೇಟಿನ್ ಕಾಗದ ಸುತ್ತುತ್ತಾರೆ, ಅದೊಂದು ನನಗೆ ಹಿಡಿಸಲಿಲ್ಲ.

ಕಾರು ತರಬೇಡಿ, ನಿಲ್ಲಿಸಲು ಜಾಗವಿಲ್ಲ. ಎಂಆರ್‌ಟಿ ಮೆಟ್ರೋ ರೈಲಿನ ನೀಲಿ ಮಾರ್ಗದ ಸಾಮ್ ಯೋಟ್ ನಿಲ್ದಾಣದಲ್ಲಿ ಇಳಿದು ನಡೆಯಿರಿ. ಆಷಾಢ ಹುಣ್ಣಿಮೆಯ ಮರುದಿನ ವರ್ಷಾವಾಸ ಶುರು, ಅದಕ್ಕೂ ಮುಂಚಿನ ವಾರ ಇಡೀ ರಸ್ತೆ ಗಿಜಿಗುಡುತ್ತದೆ. ಪಾ ಕೂಡ ಆಗ ನಿಧಾನವಾಗಿ ಚೀವರ ಹರಡಿ ತೋರಿಸಲಾರರು. ಅದಕ್ಕಿಂತ ಹದಿನೈದು ದಿನ ಮೊದಲೇ ಹೋಗಿ, ನೀವು ಕೊಡಬೇಕೆಂದಿರುವ ವಾಟ್‌ನ ಚೀವರದ ಫೋಟೋ ಫೋನಿನಲ್ಲಿ ಇಟ್ಟುಕೊಂಡಿರಿ.