ಶೋಧಗಂಗಾ: ಬೈಂಡಿಂಗ್ ಅಂಗಡಿಯವನ ವಿಮರ್ಶೆ

ಗೋಣಿಕೊಪ್ಪದಲ್ಲಿ ನನ್ನದೊಂದು ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ. ಪಕ್ಕದ ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜು ಇರುವುದರಿಂದ ಥೀಸಿಸ್ ಬೈಂಡಿಂಗ್ ಕೆಲಸ ಬರುತ್ತಲೇ ಇರುತ್ತದೆ. ರೆಕ್ಸಿನ್ ರಟ್ಟು, ಬೆನ್ನಿನ ಮೇಲೆ ಬಂಗಾರದ ಅಕ್ಷರ, ನಾಲ್ಕೈದು ಪ್ರತಿ. ಒಂದು ಗೈಡಿಗೆ, ಒಂದು ಲೈಬ್ರರಿಗೆ, ಒಂದು ಮನೆಯಲ್ಲಿ ತೋರಿಸಲು. ಆಮೇಲೆ ಅದನ್ನು ತೆರೆಯುವವರು ಯಾರು? ಪುಟ ಜೋಡಿಸುವ ನಾನಂತೂ ಕಣ್ಣಿಗೆ ಬಿದ್ದದ್ದನ್ನೆಲ್ಲ ಓದುತ್ತೇನೆ. ಇಂಥ ಚಟ ಇರುವವರಿಗೆ ಶೋಧಗಂಗಾ ಹೇಳಿ ಮಾಡಿಸಿದ ಜಾಗ.

ಗೊತ್ತಿಲ್ಲದವರಿಗೆ ಎರಡು ಮಾತು. ಶೋಧಗಂಗಾ ಅಂದರೆ ದೇಶದ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳನ್ನು ಇಟ್ಟಿರುವ ಸರ್ಕಾರಿ ವೆಬ್‌ಸೈಟ್. ಗುಜರಾತಿನ ಗಾಂಧಿನಗರದಲ್ಲಿರುವ ಇನ್‌ಫ್ಲಿಬ್‌ನೆಟ್ ಎಂಬ ಸಂಸ್ಥೆ ಅದನ್ನು ನಡೆಸುತ್ತದೆ. ಪ್ರಬಂಧದ ಸಾಫ್ಟ್ ಕಾಪಿಯನ್ನೂ ಕೊಡಬೇಕು ಎಂದು ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, 2009ರಲ್ಲಿ ನಿಯಮ ಮಾಡಿತು. ಈಗ ಅಲ್ಲಿ ಲಕ್ಷಗಟ್ಟಲೆ ಪ್ರಬಂಧಗಳಿವೆ. ದುಡ್ಡು ಕೊಡಬೇಕಾಗಿಲ್ಲ. ನಮ್ಮ ತೆರಿಗೆಯಲ್ಲಿ ನಡೆದ ಕೆಲಸ, ನಾವು ಓದಬಹುದು. ಅಷ್ಟೇ.

ನಾನು ಹೆಚ್ಚು ಅಲೆದಾಡಿರುವುದು ಮಂಗಳೂರು ವಿಶ್ವವಿದ್ಯಾಲಯದ ಕಪಾಟಿನಲ್ಲಿ. 2023ರಲ್ಲಿ ಕೊಡಗು ವಿಶ್ವವಿದ್ಯಾಲಯ ಆಗುವವರೆಗೆ ನಮ್ಮ ಜಿಲ್ಲೆಯ ಡಿಗ್ರಿ ಮಕ್ಕಳು ಬರೆಯುತ್ತಿದ್ದದ್ದು ಅದರ ಪರೀಕ್ಷೆಯನ್ನೇ. ಕೊಣಾಜೆ ಗುಡ್ಡದ ಮೇಲೆ ಮೊದಲು ಇದ್ದದ್ದು ಮೈಸೂರು ವಿಶ್ವವಿದ್ಯಾಲಯದ ಒಂದು ಸ್ನಾತಕೋತ್ತರ ಕೇಂದ್ರ. 1980ರಲ್ಲಿ ಅದೇ ಸ್ವತಂತ್ರ ವಿಶ್ವವಿದ್ಯಾಲಯ ಆಯಿತು. ಅಲ್ಲಿ ಏನೇನು ನಡೆಯುತ್ತದೆ ಅನ್ನುವುದು ಮಾರ್ಕ್ಸ್ ಕಾರ್ಡ್ ನೋಡಿದರೆ ಗೊತ್ತಾಗುವುದಿಲ್ಲ. ವಿಭಾಗಗಳ ಪಟ್ಟಿ ತೆರೆಯಿರಿ, ತಲೆ ತಿರುಗುತ್ತದೆ. ಕಡಲಿನ ಭೂವಿಜ್ಞಾನ ಇದೆ. ಯೋಗ ವಿಜ್ಞಾನ ಇದೆ. ಲೈಬ್ರರಿ ವಿಜ್ಞಾನ ಇದೆ, ಅಲ್ಲಿ ಲೈಬ್ರರಿಗೆ ಯಾರು ಬರುತ್ತಾರೆ ಅನ್ನುವುದೇ ಸಂಶೋಧನೆ. ಭೌತಶಾಸ್ತ್ರದವರು ಕೈಗಾ ಅಣುಸ್ಥಾವರದ ಸುತ್ತಮುತ್ತಲಿನ ಮಣ್ಣು, ನೀರುಗಳಲ್ಲಿ ವಿಕಿರಣ ಎಷ್ಟಿದೆ ಎಂದು ಅಳೆಯುತ್ತಾರೆ. ಅದೇ ಕ್ಯಾಂಪಸ್ಸಿನಲ್ಲಿ ಮೈಕ್ರೋಟ್ರಾನ್ ಎಂಬ ಇಲೆಕ್ಟ್ರಾನ್ ವೇಗವರ್ಧಕ ಯಂತ್ರವೂ ಇದೆ. ಜೀವವಿಜ್ಞಾನದವರು ಕಡಲ ದಂಡೆಯ ಮರಳು ದಿಬ್ಬದಲ್ಲಿ ತಾನಾಗಿ ಬೆಳೆಯುವ ಕನವೇಲಿಯಾ ಎಂಬ ಕಾಡು ಅವರೆಯ ಬೀಜ ತಂದು, ಆ ಯಂತ್ರದ ಕಿರಣ ಹಾಯಿಸಿ, ಅದು ತಿನ್ನಲು ಯೋಗ್ಯವಾ ಎಂದು ನೋಡಿದ್ದಾರೆ. ಭೌತಶಾಸ್ತ್ರದ ಯಂತ್ರಕ್ಕೆ ಬೇಲಿ ಪಕ್ಕದ ಅವರೆ! ಇಂಥದ್ದು ಯಾವ ಪ್ರಾಸ್ಪೆಕ್ಟಸ್ಸಿನಲ್ಲೂ ಸಿಗುವುದಿಲ್ಲ.

ನನಗೆ ಜಾಸ್ತಿ ಹಿಡಿಸಿದ್ದು ಹೊಳೆಯ ಬೂಸ್ಟಿನ ಕೆಲಸ. ಈ ವಿಶ್ವವಿದ್ಯಾಲಯದವರು ನಮ್ಮ ಸಂಪಾಜೆ ಹೊಳೆಯಲ್ಲಿ ಬೂಸ್ಟಿನ ಅಧ್ಯಯನ ಮಾಡಿದ್ದಾರೆ. ಮಳೆಗಾಲದಲ್ಲಿ ಹೊಳೆಯ ಬಂಡೆ ಪಕ್ಕ ನೊರೆ ಕಟ್ಟುತ್ತದೆ, ನೋಡಿದ್ದೀರಲ್ವಾ? ನಾವು ಅದನ್ನು ಕೊಳೆ ಅಂದುಕೊಂಡು ದಾಟಿ ಹೋಗುತ್ತೇವೆ. ಇವರು ಅದನ್ನು ಬಾಟಲಿಗೆ ತುಂಬಿಕೊಂಡು ಬರುತ್ತಾರೆ. ನೀರಿಗೆ ಬಿದ್ದ ಎಲೆಯ ಮೇಲೆ ಬೆಳೆಯುವ ಒಂದು ಬಗೆಯ ಬೂಸ್ಟುಗಳ ಬೀಜಕಣಗಳು ಆ ನೊರೆಯಲ್ಲಿ ಸಿಕ್ಕಿಕೊಂಡಿರುತ್ತವೆ. ಎಷ್ಟೋ ಕಣಗಳಿಗೆ ನಾಲ್ಕು ಕೈ ಇರುತ್ತವೆ. ಹರಿಯುವ ನೀರಿನಲ್ಲಿ ಎಲೆಗೆ ತಗಲಿಕೊಳ್ಳಲು ಆ ಆಕಾರ ಅನುಕೂಲ. ಈ ಬೂಸ್ಟು ಎಲೆಯನ್ನು ಮೆತ್ತಗೆ ಮಾಡಿದ ಮೇಲೆಯೇ ನೀರಿನ ಹುಳಗಳಿಗೆ ಅದು ರುಚಿ. ಹುಳ ಇದ್ದರೆ ಮೀನು. 1990ರ ದಶಕದಲ್ಲಿ ಇವರು ಆಲದ ಎಲೆ ಮತ್ತು ನೀಲಗಿರಿ ಎಲೆಯನ್ನು ಹೊಳೆಗೆ ಇಳಿಬಿಟ್ಟು ಹೇಗೆ ಕೊಳೆಯುತ್ತವೆ ಎಂದೂ ನೋಡಿದ್ದಾರೆ. ತೋಟದ ನೆರಳಿಗೆ ಯಾವ ಮರ ಹಾಕುತ್ತೇವೆ ಅನ್ನುವುದು ಕಾಫಿ, ಕಾಳುಮೆಣಸಿಗೆ ಮಾತ್ರ ಸಂಬಂಧಪಟ್ಟ ವಿಷಯ ಅಲ್ಲ ಎಂದು ನನಗೆ ಹೊಳೆದದ್ದು ಅದನ್ನು ಓದಿದ ಮೇಲೆ. ನಮ್ಮ ಕಡೆ ಸಿಲ್ವರ್ ಓಕ್ ಹಾಕಿಕೊಂಡೇ ಬಂದಿದ್ದೇವೆ. ನೆಟ್ಟಗೆ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಬಹುದು, ಕಡಿಯುವಾಗ ಕಾಟ ಕಡಿಮೆ. ಅದರ ಎಲೆ ಉದುರಿ ತೋಡಿಗೆ ಹೋದ ಮೇಲೆ ಏನಾಗುತ್ತದೆ ಎಂದು ಯಾರು ಕೇಳುತ್ತಾರೆ?

ಇನ್ನು ಬಳಸುವ ಬಗ್ಗೆ. ಇದು ಓದುಗರಿಗಾಗಿ ಮಾಡಿದ ಸೈಟ್ ಅಲ್ಲ, ಜಮಾ ಮಾಡುವುದಕ್ಕೆ ಮಾಡಿದ್ದು. ಪ್ರಬಂಧ ಇಡಿಯಾಗಿ ಒಂದೇ ಫೈಲಿನಲ್ಲಿ ಇರುವುದಿಲ್ಲ. ಮುಖಪುಟ ಒಂದು ಫೈಲ್, ಸರ್ಟಿಫಿಕೇಟ್ ಒಂದು ಫೈಲ್, ಒಂದೊಂದು ಅಧ್ಯಾಯಕ್ಕೆ ಒಂದೊಂದು. ಬೈಂಡಿಂಗ್ ಮಾಡುವವನಿಗೆ ಬಿಚ್ಚಿಟ್ಟ ಹಾಳೆ ಕಂಡರೆ ಕೈ ತುರಿಸುತ್ತದೆ. ಆದರೆ ಮಳೆ ಬಂದರೆ ನೆಟ್‌ವರ್ಕ್ ಹೋಗುವ ನಮ್ಮ ಊರಿಗೆ ಚಿಕ್ಕ ಫೈಲ್ ಇರುವುದೇ ಒಳ್ಳೆಯದು, ಬೇಕಾದ್ದನ್ನು ಮಾತ್ರ ಇಳಿಸಿಕೊಳ್ಳಬಹುದು. 80 ಎಂಬ ಅಂಕಿಯಿಂದ ಶುರುವಾಗಿ ರೆಕಮೆಂಡೇಶನ್ ಎಂಬ ಹೆಸರಿನ ಫೈಲ್ ಇದ್ದರೆ ಮೊದಲು ಅದನ್ನು ತೆಗೆಯಿರಿ. ಕೆಲಸದ ತೀರ್ಮಾನ ಅದರಲ್ಲಿ ಸಿಗುತ್ತದೆ. ‘ಹಿಂದಿನ ಅಧ್ಯಯನಗಳ ಸಮೀಕ್ಷೆ’ ಅಧ್ಯಾಯವನ್ನು ಸುಮ್ನೆ ಬಿಟ್ಟುಬಿಡಿ. ಅದು ಪರೀಕ್ಷಕರಿಗೆ ಬರೆದದ್ದು. ಕೊನೆಯ ಅನುಬಂಧ ಮಾತ್ರ ಬಿಡಬೇಡಿ. ಪ್ರಶ್ನಾವಳಿ, ಹಳ್ಳಿಗಳ ಪಟ್ಟಿ, ಗಿಡಗಳ ಪಟ್ಟಿ ಎಲ್ಲ ಅಲ್ಲೇ. ಹುಡುಕುವಾಗ ಕೊಡಗು ಅಂತ ಒಮ್ಮೆ, ಕೂರ್ಗ್ ಅಂತ ಒಮ್ಮೆ ಇಂಗ್ಲಿಷಿನಲ್ಲಿ ಹಾಕಿ ನೋಡಿ. ಸಿಗುವ ಪ್ರಬಂಧಗಳೇ ಬೇರೆ ಬೇರೆ.

ಕನ್ನಡ ಪ್ರಬಂಧಗಳ ಕತೆ ಬೇರೆ. ಇಲ್ಲಿ ನನಗೆ ಸ್ವಲ್ಪ ಸಿಟ್ಟಿದೆ. ಹಳೆಯವು ಎಷ್ಟೋ ಸ್ಕ್ಯಾನ್ ಮಾಡಿದ ಚಿತ್ರಗಳು, ಒಳಗೆ ಪದ ಹುಡುಕಲು ಆಗುವುದಿಲ್ಲ. ಟೈಪ್ ಮಾಡಿದವು ಎಷ್ಟೋ ಹಳೆಯ ನುಡಿ, ಬರಹ ಫಾಂಟಿನಲ್ಲಿ ಇವೆ, ಎಲ್ಲ ಕಂಪ್ಯೂಟರಿಗೂ ಓದಲು ಬರುವ ಯುನಿಕೋಡ್‌ನಲ್ಲಿ ಅಲ್ಲ. ಒಂದು ಸಾಲು ಕಾಪಿ ಮಾಡಿ ಬೇರೆ ಕಡೆ ಹಾಕಿದರೆ ಟೋಪಿ, ಚುಕ್ಕಿ ಹಾಕಿಕೊಂಡ ಇಂಗ್ಲಿಷ್ ಅಕ್ಷರಗಳ ಗುಂಪು ಬರುತ್ತದೆ. ಗೂಗಲ್‌ಗೂ ಅದು ಓದಲು ಬರುವುದಿಲ್ಲ. ಹಾಗಾಗಿ ಜನಪದ, ಭೂತಾರಾಧನೆ, ನಮ್ಮ ಊರುಗಳ ಆಚರಣೆ ಎಂದು ಹುಡುಕುವವರಿಗೆ ಆ ಪುಟಗಳು ಇದ್ದೂ ಇಲ್ಲದ ಹಾಗೆ. ಡಿಟಿಪಿಯವನಾಗಿ ಹೇಳುತ್ತೇನೆ: ಈಗ ಟೈಪ್ ಮಾಡಿಸುವವರು ದಯವಿಟ್ಟು ಯುನಿಕೋಡ್ ಕೇಳಿ. ರೇಟು ಅದೇ. ಹಳೆಯ ಫಾಂಟಿನಲ್ಲೇ ಕೊಡಿ ಎಂದು ಹಟ ಹಿಡಿಯುವ ಗೈಡ್‌ಗಳು ಇನ್ನೂ ಇದ್ದಾರೆ. ಅವರ ಜೊತೆ ಜಗಳ ಆಡುವುದು ಹುಡುಗರ ಕೈಯಲ್ಲಿ ಆಗುವುದಿಲ್ಲ, ಪಾಪ.

ನಮ್ಮ ಪೊನ್ನಂಪೇಟೆ ಹುಡುಗರ ಎಂ.ಎಸ್ಸಿ. ಥೀಸಿಸ್ ಬೇಕಾದರೆ ಶೋಧಗಂಗಾದಲ್ಲಿ ಹುಡುಕಬೇಡಿ. ಅದು ಪಿಎಚ್.ಡಿ.ಗೆ. ಕೃಷಿ ಕಡೆಯವು ಇರುವುದು ಕೃಷಿಕೋಶ ಎಂಬ ಇನ್ನೊಂದು ಸೈಟಿನಲ್ಲಿ, ಅದು ಐಸಿಎಆರ್‌ನದು, ಅಂದರೆ ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನದು. ಅಲ್ಲೂ ಒಂದು ತಿರುವು ಇದೆ. ಈ ಕಾಲೇಜು 1995ರಲ್ಲಿ ಶುರುವಾದಾಗ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಕೆಳಗಿತ್ತು. ಆಮೇಲೆ ಶಿವಮೊಗ್ಗದ ಕೆಳದಿ ಶಿವಪ್ಪ ನಾಯಕ ವಿಶ್ವವಿದ್ಯಾಲಯಕ್ಕೆ ಸೇರಿತು. ಆದ್ದರಿಂದ ಎರಡೂ ಹೆಸರಿನಲ್ಲಿ ನೋಡಬೇಕು. ತೋಟದವರಿಗೆ ಬೇಕಾದ್ದು ಅಲ್ಲೇ ಜಾಸ್ತಿ: ನೆರಳಿನ ಮರ, ಜೇನು, ಬಿದಿರು, ದೇವರಕಾಡು. ಲೆಕ್ಕ ಹಾಕಿದವರ ಪ್ರಕಾರ ಕೊಡಗಿನಲ್ಲಿ 1,214 ದೇವರಕಾಡುಗಳಿವೆ. ಅವುಗಳಲ್ಲಿ ಯಾವ ಮರ ಉಳಿದಿದೆ ಎಂದು ಹಗ್ಗ ಹಿಡಿದು ಅಳೆದ ಹುಡುಗರ ಬೂಟಿಗೆ ಹತ್ತಿದ ಜಿಗಣೆಯ ಕತೆಯನ್ನೂ ನನ್ನ ಕೌಂಟರಿನಲ್ಲಿ ಕೇಳಿದ್ದೇನೆ. ಥೀಸಿಸ್‌ನಲ್ಲಿ ಮಾತ್ರ ಜಿಗಣೆ ಬರುವುದಿಲ್ಲ, ‘ಮಾದರಿ ಸಂಗ್ರಹ ವಿಧಾನ’ ಅಂತ ಬರುತ್ತದೆ.

ಎಲ್ಲ ಪ್ರಬಂಧವೂ ಚಿನ್ನ ಅಂತ ನಾನು ಹೇಳುವುದಿಲ್ಲ. ಊರು ಬದಲಿಸಿ ಅದೇ ಪ್ರಶ್ನಾವಳಿ ಹಂಚಿದವು ಬೇಕಾದಷ್ಟಿವೆ, ವಾಣಿಜ್ಯ ವಿಭಾಗಗಳಲ್ಲಿ ಸ್ವಲ್ಪ ಜಾಸ್ತಿಯೇ. ಈಗ ಕೃತಿಚೌರ್ಯದ ರಿಪೋರ್ಟನ್ನೂ ಸೇರಿಸಿ ಬೈಂಡ್ ಮಾಡುತ್ತೇವೆ. ಬೇರೆ ಬರಹಗಳ ಜೊತೆ ಹೋಲಿಕೆ ಶೇಕಡಾ 10ರ ಒಳಗೆ ಇದ್ದರೆ ಹುಡುಗರ ಮುಖ ಅರಳುತ್ತದೆ. ಆದರೆ ಕಾಪಿ ಆಗಿಲ್ಲ ಅಂದ ಮಾತ್ರಕ್ಕೆ ಹೊಸದು ಅಂತ ಅಲ್ಲವಲ್ಲ.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ, ಕನ್ನಡ ವಿಭಾಗಕ್ಕೆ ಮಾತ್ರ ಎರಡು. ಮೊನ್ನೆ ತೋಟದವರೊಬ್ಬರು ಬಂದು, "ಸಿಲ್ವರ್ ಓಕ್ ಬಗ್ಗೆ ಇರುವ ಥೀಸಿಸ್ ಪೂರ್ತಿ ಪ್ರಿಂಟ್ ಹಾಕಿಕೊಡಪ್ಪ" ಅಂದರು. "ಪೂರ್ತಿ ಯಾಕೆ ಅಂಕಲ್, ತೀರ್ಮಾನ ಮತ್ತು ಅನುಬಂಧ ಸಾಕು" ಅಂದೆ. ನನಗೇ ವ್ಯಾಪಾರ ಕಡಿಮೆ. ಅವರು ಎರಡನ್ನೂ ಅಲ್ಲೇ ನಿಂತು ಓದಿ, ಹಿಂದಿನ ಗಿಡಗಳ ಪಟ್ಟಿಯಲ್ಲಿ ತಮ್ಮ ತೋಟದಲ್ಲಿ ಇರುವುದಕ್ಕೆಲ್ಲ ಪೆನ್ನಿನಲ್ಲಿ ಗುರುತು ಹಾಕಿ, ಒಂದು ಹೆಸರು ತಪ್ಪಾಗಿದೆ, ಬರೆದವರಿಗೆ ತಿಳಿಸಬೇಕಲ್ಲ, ನಂಬರ್ ಇದೆಯಾ ಅಂದರು. ಶೋಧಗಂಗಾದಲ್ಲಿ ಅದಕ್ಕೊಂದು ಜಾಗ ಇದ್ದಿದ್ದರೆ ಐದಕ್ಕೆ ಐದು ಕೊಡುತ್ತಿದ್ದೆ.