ಪ್ಲಂಬಿಂಗ್ ಕೆಲಸಕ್ಕೆ ಲಯಬಿಲಿಟಿ ಪಾಲಿಸಿ: ನಾಲ್ಕನೇ ವರ್ಷದ ಅನುಭವ

ದಾವಣಗೆರೆಯಲ್ಲಿ ಪ್ಲಂಬಿಂಗ್ ಮತ್ತು ಸೋಲಾರ್ ಹೀಟರ್ ಫಿಟ್ಟಿಂಗ್ ಕೆಲಸ ಮಾಡಿಸುತ್ತೇನೆ. ಮೂವರು ಹುಡುಗರಿದ್ದಾರೆ, ಒಂದು ಸಣ್ಣ ಗೋಡೌನ್ ಇದೆ, ಅಷ್ಟೇ. ಪಬ್ಲಿಕ್ ಲಯಬಿಲಿಟಿ ಪಾಲಿಸಿ, ಅಂದರೆ ನಮ್ಮ ಕೆಲಸದಿಂದ ಬೇರೆಯವರಿಗೆ ಆಗುವ ನಷ್ಟ ತುಂಬಿಕೊಡುವ ವಿಮೆ, ಮಾಡಿಸಿ ಇದು ನಾಲ್ಕನೇ ವರ್ಷ. ಎಷ್ಟು ಲಕ್ಷದ ಕವರ್, ಏನೇನು ಸೇರುತ್ತೆ ಅನ್ನೋದು ಏಜೆಂಟ್ ಕೊಡುವ ಕಾಗದದಲ್ಲೇ ಇರುತ್ತೆ, ಅದನ್ನು ಮತ್ತೆ ಬರೆಯಲ್ಲ. ನನ್ನನ್ನು ತುಂಬಾ ಸಿಟ್ಟಿಗೆಬ್ಬಿಸಿದ ಒಂದು ಷರತ್ತಿದೆ, ಅದರ ಬಗ್ಗೆ ಹೇಳಬೇಕು.

ಷರತ್ತು ಇಷ್ಟು: ಕಂಪನಿಯ ಲಿಖಿತ ಒಪ್ಪಿಗೆ ಇಲ್ಲದೆ ನೀವು ತಪ್ಪು ಒಪ್ಪಿಕೊಳ್ಳಬಾರದು, ದುಡ್ಡು ಕೊಡುತ್ತೇನೆ ಅಂತ ಮಾತು ಕೊಡಬಾರದು, ರಾಜಿ ಮಾಡಿಕೊಳ್ಳಬಾರದು. ಓದುವಾಗ ಏನೂ ಅನ್ನಿಸಲ್ಲ. ಆದರೆ ನಮ್ಮ ಊರಲ್ಲಿ ಕೆಲಸ ಸಿಗೋದು ಬಾಯಿಮಾತಿನಿಂದ. ಎಲ್ಲೋ ಪೈಪ್ ಸೋರಿದರೆ ಓಡಿಹೋಗಿ "ಟೆನ್ಶನ್ ಮಾಡ್ಕೋಬೇಡಿ ಸರ್, ನಾನಿದ್ದೀನಿ" ಅಂದರೇನೇ ಅವರ ತಮ್ಮನ ಮನೆ ಕೆಲಸವೂ ನಮಗೇ ಬರೋದು. ಅದೇ ಮಾತನ್ನು ಆಡಬೇಡ ಅನ್ನುತ್ತೆ ಪಾಲಿಸಿ.

ಎರಡನೇ ವರ್ಷ ವಿದ್ಯಾನಗರದ ಒಂದು ಮನೆಯಲ್ಲಿ ಮಹಡಿ ಮೇಲೆ ಬಿಸಿನೀರಿನ ಲೈನ್ ಹಾಕುತ್ತಿದ್ದೆವು. ಕೆಲಸ ಇನ್ನೂ ಮುಗಿದಿರಲಿಲ್ಲ. ರಾತ್ರಿ ಪೈಪಿನ ತುದಿ ಮುಚ್ಚುವ ಒಂದು ಎಂಡ್ ಕ್ಯಾಪ್ ಸೀಳಿ ನೀರೆಲ್ಲ ಕೆಳಗಿನ ಬಾಡಿಗೆದಾರರ ಹಾಲ್‌ಗೆ ಇಳಿಯಿತು. ಫಾಲ್ಸ್ ಸೀಲಿಂಗ್, ಟಿವಿ, ಸೋಫಾ ಎಲ್ಲ ಹೋಯಿತು. ಬೆಳಿಗ್ಗೆ ಹೋದರೆ ಆ ಮನೆಯ ಅಮ್ಮ ಬಕೆಟ್ ಹಿಡಿದು ನಿಂತಿದ್ದರು. ಇನ್ಶೂರೆನ್ಸ್ ಆಫೀಸಿಗೆ ಫೋನ್ ಮಾಡಿದರೆ ಏನೂ ಒಪ್ಕೋಬೇಡಿ, ನಷ್ಟ ಅಂದಾಜು ಮಾಡುವ ಸರ್ವೇಯರ್ ನೋಡೋವರೆಗೂ ಒಡೆದದ್ದನ್ನು ಬಿಸಾಡಬೇಡಿ ಅಂದರು. ಸರ್ವೇಯರ್ ಬರಬೇಕಾಗಿದ್ದು ಬೇರೆ ಊರಿನಿಂದ. ಅವರು ಬರುವಷ್ಟರಲ್ಲಿ ನೆಂದ ಪ್ಲೈವುಡ್ ನಾತ ಇಡೀ ಮನೆ ತುಂಬಿತ್ತು, ಮನೆಯವರು ನನ್ನ ಜೊತೆ ಸರಿಯಾಗಿ ಮಾತಾಡುವುದನ್ನೇ ಬಿಟ್ಟಿದ್ದರು. ಇಂಥ ಹೊತ್ತಲ್ಲಿ ಒಂದಿಷ್ಟು ದುಡ್ಡನ್ನು ತಕ್ಷಣ ಕೊಡೋಕೆ ಯಾಕೆ ಅವಕಾಶ ಇಲ್ಲ? ಸಣ್ಣ ವ್ಯಾಪಾರದವನಿಗೆ ಹೆಸರೇ ಬಂಡವಾಳ ಅಲ್ವಾ? ಈ ದೂರು ನನಗೆ ಇವತ್ತಿಗೂ ಇದೆ.

ಕೊನೆಗೆ ಕ್ಲೇಮ್ ದುಡ್ಡು ಬಂತು. ಎಕ್ಸೆಸ್, ಅಂದರೆ ಕ್ಲೇಮ್‌ನಲ್ಲಿ ನಾವೇ ಹೊರಬೇಕಾದ ಪಾಲು, ಮುರಿದುಕೊಂಡರು, ಟಿವಿ-ಸೋಫಾಗೆ ಹಳೆಯದು ಅಂತ ಸವಕಳಿ ಲೆಕ್ಕ ಹಾಕಿದರು. ನಾವು ಹಾಕಿದ್ದ ಪೈಪ್ ಮತ್ತೆ ಹಾಕುವ ಖರ್ಚು ನಮ್ಮದೇ, ಯಾಕೆಂದರೆ ನಮ್ಮ ಕೆಲಸ ಕೆಟ್ಟಿದ್ದಕ್ಕೆ ಈ ಪಾಲಿಸಿ ಕೊಡಲ್ಲ, ಅದರಿಂದ ಬೇರೆಯವರಿಗೆ ಆದ ನಷ್ಟಕ್ಕೆ ಮಾತ್ರ. ಕ್ಲೇಮ್ ಗಟ್ಟಿಯಾಗಿ ನಿಂತಿದ್ದು ಒಂದು ಫೋಟೋದಿಂದ. ನಮ್ಮ ಹುಡುಗನೊಬ್ಬ ಸ್ಟೇಟಸ್‌ಗೆ ಅಂತ ಹಿಂದಿನ ದಿನ ಸುಮ್ನೆ ತೆಗೆದಿದ್ದ. ಅದರಲ್ಲಿ ಆ ಸೀಲಿಂಗ್ ಒಂದೂ ಕಲೆ ಇಲ್ಲದೆ ಕಾಣುತ್ತಿತ್ತು.

ಅವತ್ತಿನಿಂದ ಅದೇ ನಮ್ಮ ಪದ್ಧತಿ. ಈಗ ಯಾವ ಮನೆಗೆ ಹೋದರೂ ಟೂಲ್ ಬ್ಯಾಗ್ ಬಿಚ್ಚೋಕೆ ಮುಂಚೆ ಫೋಟೋ. ಮೇನ್ ವಾಲ್ವ್, ಟ್ಯಾಂಕಿನ ಬಾಲ್‌ಕಾಕ್, ಗೋಡೆಯ ಹಳೇ ತೇವದ ಗುರುತು, ಕೆಳಗಿನ ಮನೆಯ ಸೀಲಿಂಗ್. ಮನೆಯವರನ್ನೂ ಕರೆದು ತೋರಿಸುತ್ತೇವೆ. ಲೈನ್ ಹಾಕಿದ ಮೇಲೆ ಕೈಪಂಪಿನಿಂದ ಪ್ರೆಶರ್ ಏರಿಸಿ ಗೇಜಿನ ಫೋಟೋ ತೆಗೆದು, ರಾತ್ರಿ ಹಾಗೇ ಬಿಟ್ಟು, ಬೆಳಿಗ್ಗೆ ಟೀ ಕುಡಿಯೋಕೂ ಮುಂಚೆ ಹೋಗಿ ಅದೇ ಗೇಜನ್ನು ನೋಡುತ್ತೇವೆ. ಮುಳ್ಳು ಇದ್ದಲ್ಲೇ ಇದ್ದರೆ ಹುಡುಗರ ಮುಖ ನೋಡಬೇಕು! ಎರಡೂ ಫೋಟೋ ಮನೆಯವರಿಗೆ ವಾಟ್ಸಾಪ್ ಮಾಡುತ್ತೇವೆ. ಇದನ್ನು ನೋಡಿಯೇ ಎಂಸಿಸಿ ಬಿ ಬ್ಲಾಕಿನಲ್ಲಿ ಎರಡು ಮನೆ ಕೆಲಸ ಬಂದವು. ಪಾಲಿಸಿಯಿಂದ ಇಂಥದ್ದೊಂದು ಲಾಭ ಆಗುತ್ತೆ ಅಂತ ಯಾವ ಏಜೆಂಟೂ ಹೇಳಿರಲಿಲ್ಲ.

ಆ ಷರತ್ತಿನ ಮೇಲಿನ ಸಿಟ್ಟೂ ಸ್ವಲ್ಪ ಇಳಿದಿದೆ. ಕಾನೂನು ಪ್ರಕಾರ ನಾವು ಕೊಡಬೇಕಾದಷ್ಟನ್ನು ಮಾತ್ರ ಕಂಪನಿ ಕೊಡುತ್ತೆ. ಕ್ಯಾಪ್ ತಯಾರಿಸಿದವರ ದೋಷವೋ, ರಾತ್ರಿ ಯಾರಾದರೂ ವಾಲ್ವ್ ತಿರುಗಿಸಿದ್ದರೋ ಅಂತ ನೋಡುವ ಮೊದಲೇ ನಾವು ಎಲ್ಲ ಒಪ್ಪಿಕೊಂಡರೆ ಅವರಿಗೆ ವಾದ ಮಾಡೋಕೆ ಏನೂ ಉಳಿಯಲ್ಲ. ಅವರ ಒಪ್ಪಿಗೆಯಿಂದ ವಕೀಲರನ್ನು ಇಟ್ಟರೆ ಆ ಖರ್ಚೂ ಪಾಲಿಸಿಯಲ್ಲೇ ಬರುತ್ತೆ. ಹಾಗಂತ ಕೈಕಟ್ಟಿ ನಿಲ್ಲಬೇಕಿಲ್ಲ. ನೀರು ನಿಲ್ಲಿಸಿ, ಸಾಮಾನು ಪಕ್ಕಕ್ಕಿಡಿ, ಫ್ಯಾನ್ ತಂದು ಒಣಗಿಸಿ. "ಇನ್ಶೂರೆನ್ಸ್‌ಗೆ ಈಗಲೇ ತಿಳಿಸಿದ್ದೇನೆ, ಸರ್ವೇಯರ್ ಬರುವಾಗ ನಾನೂ ಇರ್ತೀನಿ" ಅನ್ನಿ. ಇಷ್ಟು ಮಾಡಿದರೆ ಮನೆಯವರು ಅರ್ಧ ಸಮಾಧಾನ ಆಗುತ್ತಾರೆ.

ಹೊಸದಾಗಿ ತಗೊಳ್ಳುವವರಿಗೆ ಒಂದಿಷ್ಟು ಮಾತು. ಅಂಗಡಿ ಪ್ಯಾಕೇಜ್ ಪಾಲಿಸಿಯಲ್ಲಿ ಬರುವ ಲಯಬಿಲಿಟಿ ಸಾಮಾನ್ಯವಾಗಿ ಅಂಗಡಿ ಜಾಗಕ್ಕೆ ಮಾತ್ರ. ಗಿರಾಕಿ ಮನೆಯಲ್ಲಿ ಆಗುವ ಅನಾಹುತಕ್ಕೆ ಬೇಕಾದರೆ ಅದನ್ನು ಷೆಡ್ಯೂಲ್‌ನಲ್ಲಿ (ಪಾಲಿಸಿಯ ವಿವರಗಳ ಪಟ್ಟಿಯಲ್ಲಿ) ಬರೆಸಿಕೊಳ್ಳಿ. ಕೆಲಸ ಒಪ್ಪಿಸಿ ಬಂದ ಮೇಲೆ ಜಾಯಿಂಟ್ ಬಿಟ್ಟರೆ ಅದು ಬೇರೆಯದೇ ಕವರ್, ನಾನು ಮೂರನೇ ವರ್ಷ ಸೇರಿಸಿದೆ, ಪ್ರೀಮಿಯಂ ಜಾಸ್ತಿಯಾದರೂ ನಮ್ಮ ಕೆಲಸಕ್ಕೆ ಅದು ಇರಲೇಬೇಕು. ಪ್ರೀಮಿಯಂ ಮೇಲೆ 18% ಜಿಎಸ್‌ಟಿ ಬೇರೆ ಇದೆ, ಕೋಟೇಶನ್ ಕೇಳುವಾಗ ಅದನ್ನೂ ಸೇರಿಸಿ ಕೇಳಿ. ಈ ಪಾಲಿಸಿ ನಮ್ಮಂಥವರಿಗೂ ಕಾನೂನು ಪ್ರಕಾರ ಕಡ್ಡಾಯ ಅಂತ ಯಾರಾದರೂ ಹೆದರಿಸಿದರೆ ನಂಬಬೇಡಿ. 1991ರ ಪಬ್ಲಿಕ್ ಲಯಬಿಲಿಟಿ ಕಾಯ್ದೆ ಭೋಪಾಲ್ ದುರಂತದ ನಂತರ ಬಂದಿದ್ದು, ಅಪಾಯಕಾರಿ ರಾಸಾಯನಿಕ ಇಟ್ಟುಕೊಳ್ಳುವವರಿಗೆ ಅನ್ವಯಿಸೋದು.

ನಮ್ಮ ಹುಡುಗರಿಗೆ ಏನಾದರೂ ಆದರೆ ಈ ಪಾಲಿಸಿ ಒಂದು ರೂಪಾಯಿಯನ್ನೂ ಕೊಡಲ್ಲ. ಅದಕ್ಕೆ ವರ್ಕ್‌ಮೆನ್ ಕಾಂಪನ್ಸೇಶನ್ ಪಾಲಿಸಿ ಬೇರೆಯೇ ಮಾಡಿಸಬೇಕು. ದುಡ್ಡು ಕಡಿಮೆ ಇದ್ದು ಒಂದೇ ಪಾಲಿಸಿ ತಗೊಳ್ಳೋಕೆ ಆಗೋದು ಅಂದರೆ ಮೊದಲು ಅದನ್ನೇ ತಗೊಳ್ಳಿ ಅಂತೀನಿ. ತಿಂಗಳಿಗೆ 15,000 ಸಂಬಳದ ಲೆಕ್ಕದಲ್ಲಿ 25 ವರ್ಷದ ಹುಡುಗ ಕೆಲಸದಲ್ಲಿ ತೀರಿಕೊಂಡರೆ ಪರಿಹಾರ 16 ಲಕ್ಷ ದಾಟುತ್ತೆ. ಸೋಲಾರ್ ಟ್ಯಾಂಕ್ ಹೊತ್ತು ತಾರಸಿ ಏರುವವರು ಅವರು. ಆ ಮನೆಗೆ ನಾವು ಬರಿಗೈಲಿ ಹೋಗೋಕಾಗುತ್ತಾ?

ಕ್ಲೇಮ್‌ನಲ್ಲಿ ಅನ್ಯಾಯ ಆಯಿತು ಅನ್ನಿಸಿದರೆ ಮೊದಲು ಕಂಪನಿಗೆ ಬರವಣಿಗೆಯಲ್ಲಿ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿ ಅನ್ನಿಸದಿದ್ದರೆ, ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ (ವಿಮೆ ದೂರು ಕೇಳಿ ತೀರ್ಮಾನ ಕೊಡುವ ಅಧಿಕಾರಿ) ಹತ್ತಿರ ಹೋಗಬಹುದು. ನಮ್ಮಂಥ ಒಬ್ಬನೇ ಮಾಲೀಕನ ವ್ಯಾಪಾರದ ದೂರನ್ನೂ ತಗೊಳ್ಳುತ್ತಾರೆ, ಫೀಸ್ ಇಲ್ಲ.

ಈ ಸಲ ರಿನ್ಯೂವಲ್‌ಗೆ ಬೇರೆ ಕಂಪನಿಯಿಂದಲೂ ಕೋಟೇಶನ್ ತರಿಸಿದ್ದೆ. ರೇಟು ಕಡಿಮೆ, ಎಕ್ಸೆಸ್ಸೂ ಕಡಿಮೆ. ಆದರೆ ಹಳೆಯ ರೆಟ್ರೋಆಕ್ಟಿವ್ ದಿನಾಂಕ (ಆ ದಿನದಿಂದ ಈಚೆಗೆ ನಡೆದ ಘಟನೆಗೆ ಮಾತ್ರ ಕವರ್ ಅನ್ನುವ ದಿನಾಂಕ) ಮುಂದುವರಿಸಲ್ಲ ಅಂದರು. ಅಂದರೆ ಹೋದ ವರ್ಷದ ಘಟನೆಗೆ ಯಾರಾದರೂ ಮುಂದಿನ ವರ್ಷ ನೋಟಿಸ್ ಕೊಟ್ಟರೆ, ಹಳೇ ಕಂಪನಿ ಪಾಲಿಸಿ ಮುಗಿದಿದೆ ಅಂತ, ಹೊಸದು ಘಟನೆ ಹಳೆಯದು ಅಂತ, ಎರಡೂ ಕೈ ಎತ್ತುತ್ತವೆ. ಹಾಗಾಗಿ ಹಳೆಯ ಕಂಪನಿಯಲ್ಲೇ ಮುಂದುವರಿಸಿದ್ದೇನೆ, ಲಿಮಿಟ್ ಮಾತ್ರ ಜಾಸ್ತಿ ಮಾಡಿಸಿದೆ.